ಒಂದು ಜೊತೆ ಮೊರ

ಆಗಸ್ಟ್ 11, ಹೊಸದುರ್ಗ

ಮಗಳು ಕಾವ್ಯಶ್ರೀ ಚಿತ್ರದುರ್ಗದ ಹಾಸ್ಟೆಲ್ಲಿಗೆ ಹೊರಡುವ ಮುಂಚೆ ಈ ಡೈರಿಯನ್ನು ನನ್ನ ಕೈಗೆ ತುರುಕಿ ಹೋದಳು. ಬ್ಯಾಂಕಿನವರು ಜನವರಿಯಲ್ಲಿ ಹಂಚಿದ್ದು, ಟಿವಿ ಹಿಂದೆ ಧೂಳು ಹಿಡಿದು ಬಿದ್ದಿತ್ತು. "ಊರಿಗೆಲ್ಲ ಭಾಷಣ ಮಾಡ್ತೀಯಲ್ಲಮ್ಮ, ನಿನಗೆ ನೀನೇ ಒಂದೆರಡು ಮಾತು ಹೇಳ್ಕೋ" ಅಂದಳು. ಥೇಟ್ ಅವರಪ್ಪನ ಬಾಯಿ.

ಸರಿ, ಹೇಳಿಕೊಳ್ಳುತ್ತೇನೆ. ನಾನು ಅನುಪಮಾ, ಎರಡು ಸಲ ಜಿಲ್ಲಾ ಪಂಚಾಯಿತಿ ಸದಸ್ಯೆ, ಅದರಲ್ಲಿ ಒಂದು ಅವಧಿಗೆ ಅಧ್ಯಕ್ಷೆ. ಈಗ ಮಾಜಿ. ಪಂಚಾಯಿತಿ ಚುನಾವಣೆ ಇವತ್ತು ನಾಳೆ ಎಂದು ಮುಂದಕ್ಕೆ ಹೋಗುತ್ತಲೇ ಇದೆ, ನಾನು ಮಾಜಿಯಾಗಿಯೇ ಮದುವೆ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದೇನೆ. ಬರುವ ವರ್ಷ ವಿಧಾನಸಭೆ ಚುನಾವಣೆ. ನಮ್ಮ ಕ್ಷೇತ್ರದ ಟಿಕೆಟ್ ನನಗೆ ಬೇಕು. ಇಷ್ಟು ನೇರವಾಗಿ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಹೊರಗೆ ಕೇಳಿದವರಿಗೆ "ಪಕ್ಷ ಹೇಳಿದ ಹಾಗೆ" ಅನ್ನುತ್ತೇನೆ.

ಇವತ್ತಿನ ಖುಷಿಗೆ ಕಾರಣ ಬೇರೆ. ಬಾಗೂರು ಕಡೆಯ ನಮ್ಮ ದೊಡ್ಡಹಟ್ಟಿ ಕೆರೆಗೆ ಪೈಪಿನಲ್ಲಿ ನೀರು ಹರಿಸಿದರು. ಅದು ನನ್ನ ಗಂಡ ದುರ್ಗೇಶರ ಊರು. ಅಧ್ಯಕ್ಷೆಯಾಗಿದ್ದಾಗ ಆ ಯೋಜನೆಗೆ ಸಹಿ ಬೀಳಿಸಲು ಬೆಂಗಳೂರಿನ ಕಚೇರಿಗಳ ಮೆಟ್ಟಿಲು ಸವೆಸಿದ್ದೇನೆ. ಅಲ್ಲಿನ ಅಟೆಂಡರ್ ಒಬ್ಬ "ಬಂದ್ರಾ ಕೆರೆ ಮೇಡಂ" ಅನ್ನುತ್ತಿದ್ದ. ಸುದ್ದಿ ಕೇಳಿ ನಮ್ಮ ಅತ್ತೆ ಕೆಂಚಕ್ಕ ರಾಗಿ ಹಿಟ್ಟಿನ ಕೈಯಲ್ಲೇ ನನ್ನ ಗಲ್ಲ ಹಿಡಿದುಕೊಂಡರು. ಕೆರೆ ತುಂಬಿದ ದಿನ ಮೊದಲ ಬಾಗಿನ ನಾವಿಬ್ಬರೇ ಬಿಡೋಣ ಅಂದೆ.

"ಗಂಡ ಸತ್ತೋರು ಗಂಗಮ್ಮಂಗೆ ಬಾಗಿನ ಬಿಡ್ತಾರೇನೆ ಹುಚ್ಚಿ?"

"ನಾವು ಬಿಡ್ತೀವಿ."

ಎರಡು ಬಿದಿರಿನ ಮೊರ. ಒಂದರಲ್ಲಿ ಅರಿಶಿನ, ಕುಂಕುಮ, ಬಳೆ, ಕುಬುಸದ ಕಣ, ಕಾಯಿ, ಕಾಳು ಇಟ್ಟು ಇನ್ನೊಂದನ್ನು ಮುಚ್ಚಿ, ತುಂಬಿದ ನೀರಿಗೆ ಬಿಡುವುದು. ಮುತ್ತೈದೆಯರ ಕೆಲಸವೆಂದು ಲೋಕ ಹೇಳುತ್ತದೆ. ಲೋಕದ ಮಾತನ್ನು ಈ ಮನೆಯಲ್ಲಿ ಒಮ್ಮೆ ಹೊಸಿಲಾಚೆ ನಿಲ್ಲಿಸಿದ್ದೇನೆ. ನಾಲ್ಕು ವರ್ಷದ ಹಿಂದೆ ದುರ್ಗೇಶ್ ಹಿರಿಯೂರಿನ ಹತ್ತಿರ ಹೈವೇ ಅಪಘಾತದಲ್ಲಿ ಹೋದರು. ತಿಥಿಯ ದಿನ ನನ್ನ ಕುಂಕುಮ ಅಳಿಸಲು ಬಂದ ಹೆಂಗಸರ ಮುಖದ ಮೇಲೆ ಕದ ಹಾಕಿದೆ. ಸಂಜೆ ಕನ್ನಡಿ ಮುಂದೆ ಕೂತು ಕಾಸಗಲ ಇಟ್ಟುಕೊಂಡೆ. ಅದೇ ಬೆರಳಿನಿಂದ ಅತ್ತೆಗೂ ಇಟ್ಟೆ. ಅವರು ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಕುರಿ ಕಾಯ್ದು ಮಗನನ್ನು ಓದಿಸಿದವರು. ಅಲ್ಲಿಯವರೆಗೂ ಖಾಲಿ ಹಣೆ. ಗಳಗಳ ಅತ್ತರು, ಅಳಿಸಿಕೊಳ್ಳಲಿಲ್ಲ. "ನನ್ ಕೈಯಾರೆ ನಾನು ಇಟ್ಕಳಲ್ಲ ಕಣವ್ವ, ನೀನಿಟ್ರೆ ಬ್ಯಾಡ ಅನ್ನಲ್ಲ" ಅಂದರು. ಅಂದಿನಿಂದ ಬೆಳಿಗ್ಗೆ ಮನೆ ಬಿಡುವ ಮುಂಚೆ ಅತ್ತೆ ಬಂದು ನನ್ನೆದುರು ನಿಲ್ಲುತ್ತಾರೆ, ನಾನು ಇಡುತ್ತೇನೆ. ಒಂದು ದಿನವೂ ತಪ್ಪಿಲ್ಲ.

ಆಗಸ್ಟ್ 19, ಚಿತ್ರದುರ್ಗ

ಪಕ್ಷದ ಕಚೇರಿಗೆ ಜಿಲ್ಲಾಧ್ಯಕ್ಷ ತಿಮ್ಮರಾಯಪ್ಪನವರು ಕರೆಸಿದ್ದರು. ಕಾಫಿ ತರಿಸಿದರು. ಅವರು ಕಾಫಿ ತರಿಸಿದರೆ ಹಿಂದೆ ಏನೋ ಬರುತ್ತಿದೆ ಎಂದೇ ಅರ್ಥ.

"ಎರಡೇ ಹೆಸ್ರು ಐತೆ ಅನುಪಮಾ. ನಿಂದು, ರಂಗಸ್ವಾಮಿದು. ಕೆಲ್ಸದಾಗೆ ನಿನ್ ಬಿಟ್ರಿಲ್ಲ, ನಾನೇ ಎಲ್ಲಾ ಕಡೆ ಹೇಳ್ತೀನಿ."

ರಂಗಸ್ವಾಮಿ ಕಂಟ್ರಾಕ್ಟರು. ಅವನು ಹಾಕಿದ ರಸ್ತೆಯಲ್ಲಿ ಹೊಸದುರ್ಗದಿಂದ ಹೊಳಲ್ಕೆರೆಗೆ ಬಸುರಿಯನ್ನು ಕರೆದೊಯ್ದರೆ ಆಸ್ಪತ್ರೆ ಬೇಕಾಗುವುದಿಲ್ಲ, ದಾರಿಯಲ್ಲೇ ಹೆರಿಗೆ.

"ಆದ್ರೆ?" ಅಂದೆ.

"ಹಳ್ಳಿ ಕಡೆ ಜನ ಒಂದು ಮಾತು ಅಂತಾರೆ. ಇಷ್ಟಗಲ ಕುಂಕುಮ, ತಲೆ ತುಂಬ ಹೂವು... ಯಜಮಾನ್ರು ಹೋದ್ಮೇಲೂ ಹಿಂಗಾ ಅಂತ. ನಾನಂತೀನೇನಮ್ಮ? ಜನ ಅಂತಾರೆ."

"ವೋಟು ಹಣೆಗೆ ಹಾಕ್ತಾರೋ ಕೆಲಸಕ್ಕೋ ಸಾರ್?"

ನಕ್ಕುಬಿಟ್ಟರು. ಈ 'ಜನ' ಅನ್ನುವವರು ಯಾರೆಂದು ರಾಜಕೀಯಕ್ಕೆ ಬಂದಾಗಿನಿಂದ ಹುಡುಕುತ್ತಿದ್ದೇನೆ, ನನ್ನೆದುರಿಗೆ ಒಬ್ಬರೂ ಸಿಕ್ಕಿಲ್ಲ. ಬರುವಾಗ ಸಂತೆಹೊಂಡದ ಹತ್ತಿರ ಗಾಡಿ ನಿಲ್ಲಿಸಿ, ಬೇಕೆಂದೇ ಎರಡು ಮೊಳ ಕನಕಾಂಬರ ಜಾಸ್ತಿ ಕೊಂಡೆ. ಡ್ರೈವರ್ ಗೋವರ್ಧನ ಕನ್ನಡಿಯಲ್ಲಿ ನೋಡಿ ಹಲ್ಲು ಬಿಟ್ಟ.

ಸೆಪ್ಟೆಂಬರ್ 2, ಹಿರಿಯೂರು

ನಮ್ಮ ಕಾರ್ಯಕರ್ತ ರಂಗೇಶನ ಮಗಳ ಸೀಮಂತ. ಮನೆಯ ಮುಂದೆ ಶಾಮಿಯಾನ, ನನಗೆ ಮುಂದಿನ ಸಾಲಿನ ಕುರ್ಚಿ, ಬಾದಾಮಿ ಹಾಲು, ಫೋಟೋ. ಆರತಿ ಶುರುವಾಗಬೇಕು ಅನ್ನುವಾಗ ರಂಗೇಶನ ಹೆಂಡತಿ ಬಂದು ನನ್ನ ಕೈ ಹಿಡಿದಳು.

"ಅಕ್ಕಾ, ಊಟಕ್ಕೆ ಏಳ್ರಿ. ಆಮ್ಯಾಕೆ ರಶ್ ಆಗ್ತೈತೆ."

ಒಲೆಯ ಮೇಲೆ ಸಾರು ಇನ್ನೂ ಕುದಿಯುತ್ತಿತ್ತು. ಊಟಕ್ಕಿಟ್ಟ ಉದ್ದನೆಯ ಪಡಸಾಲೆಯಲ್ಲಿ ನನ್ನದೊಂದೇ ಎಲೆ. ಹೊರಗೆ ಆರತಿ ಹಾಡು ಕೇಳಿಸುತ್ತಿತ್ತು. ನಾನು ಹೋಳಿಗೆ ತಿಂದೆ. ಅವಳ ತಪ್ಪೂ ಅಲ್ಲ, ಕೇಳದೆಯೇ ಮತ್ತೆ ಮತ್ತೆ ತುಪ್ಪ ಬಡಿಸುತ್ತಿದ್ದಳು. ಸೀಮಂತದ ಆ ಹುಡುಗಿಗೆ ಕಾಲೇಜು ಸೀಟು ಕೊಡಿಸಿದ್ದು ನಾನು. ಅವಳ ತಲೆಗೆ ನಾಲ್ಕು ಅಕ್ಷತೆ ಹಾಕಲು ನನಗೆ ಹಕ್ಕಿಲ್ಲ.

ಗಾಡಿಯಲ್ಲಿ ಗೋವರ್ಧನನಿಗೆ ಹೇಳಿದೆ. "ಹೋಳ್ಗೆ ಚೆನ್ನಾಗಿತ್ತಾ ಅಕ್ಕ?" ಅಂದ. ನಕ್ಕೆ. ನಗುತ್ತಲೇ ಅಳು ಬಂತು. ಐಮಂಗಲ ದಾಟುವವರೆಗೂ ಅಳುತ್ತಲೇ ಇದ್ದೆ, ಅವನು ರೇಡಿಯೋ ಜೋರು ಮಾಡಿದ.

ಸೆಪ್ಟೆಂಬರ್ 14

ಒಂದು ಗೃಹಪ್ರವೇಶ, ಒಂದು ನಾಮಕರಣ. ಎರಡಕ್ಕೂ ಗೋವರ್ಧನನ ಕೈಯಲ್ಲಿ ಉಡುಗೊರೆ ಕಳಿಸಿದೆ. ಟೈಮು ಉಳಿಯಿತು. ಮೊದಲೇ ಹೀಗೆ ಮಾಡಬೇಕಿತ್ತು.

ಸೆಪ್ಟೆಂಬರ್ 27

ದಸರಾ ಫ್ಲೆಕ್ಸಿಗೆ ಫೋಟೋ ತೆಗೆಸಲು ಸ್ಟುಡಿಯೋಗೆ ಹೋಗಿದ್ದೆ. ಕುಂಕುಮ ಲೈಟಿಗೆ ಹೊಳೆಯುತ್ತದೆ, ಮುಖ ಕಾಣುವುದಿಲ್ಲ ಅಂದ ಸ್ಟುಡಿಯೋದವನು. ಒರೆಸಿ ಚಿಕ್ಕ ಮೆರೂನ್ ಬಿಂದಿ ಅಂಟಿಸಿಕೊಂಡೆ. ಫೋಟೋಗೆ ಮಾತ್ರ. ನೋಡಿದರೆ ಚೆನ್ನಾಗಿಯೇ ಬಂದಿದೆ, ಸ್ವಲ್ಪ ಗಂಭೀರವಾಗಿ ಕಾಣುತ್ತೇನೆ. ಹೂ ಮುಡಿದಿರಲಿಲ್ಲ. ಈಚೆಗೆ ಕನಕಾಂಬರ ಮುಡಿದರೆ ತಲೆ ಭಾರ, ಗಾಡಿಯ ಎಸಿಯಲ್ಲಿ ವಾಸನೆ ಬೇರೆ.

ಬೆಳಿಗ್ಗೆ ಅವಸರದಲ್ಲಿ ಹೊರಟಿದ್ದಾಗ ಅತ್ತೆ ಗೇಟಿನವರೆಗೂ ಬಂದು, "ಲೇ, ನನ್ ಹಣೆ?" ಅಂದರು. ವಾಪಸು ಬಂದು ಇಟ್ಟು ಹೋದೆ. ಅವರಿಗೆ ಮಾತ್ರ ಕಾಸಗಲ.

ಅಕ್ಟೋಬರ್ 9, ದೊಡ್ಡಹಟ್ಟಿ

ಕೋಡಿ ಬಿತ್ತು! ಪೈಪಿನ ನೀರಿನ ಜೊತೆಗೆ ಮೂರು ದಿನ ಮಳೆಯೂ ಬಿದ್ದು, ದೊಡ್ಡಹಟ್ಟಿ ಕೆರೆ ತುಂಬಿ ಕೋಡಿಯ ಮೇಲೆ ಹರಿಯುತ್ತಿದೆ. ನಸುಕಿನಲ್ಲೇ ಫೋನು ಬಂತು. ಅತ್ತೆಯನ್ನು ಕೂರಿಸಿಕೊಂಡು ಹೊರಟೆ. ಬಾಗೂರು ದಾಟಿದ್ದೇ ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿದರು, ಎಷ್ಟು ಹೇಳಿದರೂ ಒಳಗೆ ತೆಗೆಯಲಿಲ್ಲ.

ಏರಿಯ ಮೇಲೆ ಊರಿಗೆ ಊರೇ ನೆರೆದಿತ್ತು. ಅತ್ತೆ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ಮೊಣಕಾಲುದ್ದ ನೀರಿಗೆ ಇಳಿದರು.

"ಇಲ್ಲೇ ಕಣೆ, ಇಲ್ಲೇ. ನಾನು ಮದ್ವೆಯಾಗಿ ಬಂದಾಗ ಈ ಜಾಗದಾಗೆ ಒರತೆ ತೋಡ್ತಿದ್ವಿ. ಒಂದು ಕೊಡ ತುಂಬಾದ್ರಾಗೆ ಸೊಂಟ ಬಿದ್ದೋಗದು. ಕುರಿಗೆ ಮೊದ್ಲು, ಮನುಷ್ಯರಿಗೆ ಆಮ್ಯಾಕೆ." ಬೊಗಸೆಯಲ್ಲಿ ನೀರು ಎತ್ತಿ ಮುಖಕ್ಕೆ ಹಾಕಿಕೊಂಡರು. ಕುಂಕುಮ ಕರಗಿ ಮೂಗಿನ ಮೇಲೆ ಇಳಿಯಿತು. ನಾನು ಒರೆಸಿ, ಬ್ಯಾಗಿನ ಡಬ್ಬಿಯಿಂದ ಮತ್ತೆ ಇಟ್ಟೆ. ನನ್ನ ಬದುಕಿನಲ್ಲಿ ಇದಕ್ಕಿಂತ ದೊಡ್ಡ ದಿನ ಇಲ್ಲ. ಅಧ್ಯಕ್ಷೆಯಾದ ದಿನವೂ ಇಷ್ಟು ಸಂತೋಷ ಆಗಿರಲಿಲ್ಲ.

ಹಟ್ಟಿಯ ಹಿರಿಯ, ಗಂಗಮ್ಮನ ಪೂಜಾರಿ ಜುಂಜಯ್ಯ ಬಂದು ನನ್ನೆರಡೂ ಕೈ ಹಿಡಿದುಕೊಂಡ. "ತಾಯೀ, ಈ ನೀರು ನಿಂದೇ. ಮಂತ್ರಿಗಳ್ನ ಕರ್ಸಿ ಭರ್ಜರಿಯಾಗಿ ಬಾಗಿನ ಬಿಡಾಣ."

"ಮೊದಲ ಬಾಗಿನ ನಾನೂ ಅತ್ತೆನೂ ಬಿಡ್ತೀವಿ ಜುಂಜಯ್ಯ."

ಅವನು ಕೈ ಬಿಡಲಿಲ್ಲ, ಆದರೆ ನೀರಿನ ಕಡೆ ತಿರುಗಿದ. "ಆಗ್ಲಿ, ನೋಡಾಣ" ಅಂದ.

'ನೋಡಾಣ' ಅಂದರೆ ಏನೆಂದು ರಾಜಕೀಯದವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಆದರೂ ಇವತ್ತು ಅದನ್ನು ಯೋಚಿಸುವುದಿಲ್ಲ.

ಅಕ್ಟೋಬರ್ 18

ಜುಂಜಯ್ಯ ಹಟ್ಟಿಯ ನಾಲ್ಕು ಜನರನ್ನು ಕರೆದುಕೊಂಡು ಮನೆಗೆ ಬಂದ. ಅತ್ತೆ ಡಾಕ್ಟರ ಹತ್ತಿರ ಹೋಗಿದ್ದರು, ಅದನ್ನು ನೋಡಿಕೊಂಡೇ ಬಂದಿದ್ದಾರೆ. ಕುಂತ್ಕಳ್ರಿ ಎಂದರೂ ಕೂರಲಿಲ್ಲ.

"ಎಷ್ಟೋ ವರ್ಷಕ್ಕೆ ತುಂಬೈತೆ ತಾಯಿ. ಗಂಗಮ್ಮ ಮುನಿಸ್ಕಂಡು ಹೋದ್ರೆ?"

"ಪೈಪಲ್ಲಿ ಬಂದ ಗಂಗಮ್ಮ ಜುಂಜಯ್ಯ. ಕರೆಂಟ್ ಹೋದ್ರೆ ಮಾತ್ರ ಮುನಿಸ್ಕೊಳ್ಳೋದು."

ಯಾರೂ ನಗಲಿಲ್ಲ. "ನಿನ್ ಮ್ಯಾಲೆ ಗೌರವ ಐತೆ. ಅದ್ಕೇ ಏರಿ ಮ್ಯಾಲೆ ಅನ್ನದೆ ಮನೀಗ್ ಬಂದು ಹೇಳ್ತಿದೀವಿ" ಅಂದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಬೈದಿದ್ದರೆ ಬೈದು ಕಳಿಸುತ್ತಿದ್ದೆ. ಇಷ್ಟು ಮರ್ಯಾದೆಯಾಗಿ ಹೇಳಿದರೆ ಏನು ಮಾಡುವುದು? ಬಾಗಿನ ನಾವೇ ಬಿಡುತ್ತೇವೆ, ಯಾರು ತಡೆಯುತ್ತಾರೋ ತಡೆಯಲಿ ಅಂದೆ. ಅವರು ಟೀ ಕುಡಿಯದೆ ಹೋದರು.

ಕೆಟ್ಟ ಕೋಪ ಬಂದಿದೆ. ಬರೆಯಲು ಕೈ ಆಡುತ್ತಿಲ್ಲ.

ಅಕ್ಟೋಬರ್ 21, ಚಿತ್ರದುರ್ಗ

ಸುದ್ದಿ ನನಗಿಂತ ಮುಂಚೆ ತಿಮ್ಮರಾಯಪ್ಪನವರಿಗೆ ಮುಟ್ಟಿತ್ತು. ಕಾಫಿ, ಜೊತೆಗೆ ಮಿರ್ಚಿ ಮಂಡಕ್ಕಿ.

"ನೋಡಮ್ಮ, ನೀನು ಹಟ ಮಾಡಿ ಬಿಟ್ಟೆ ಅಂತಿಟ್ಕ. ನಾಳೆ ಒಂದು ಮೋಟ್ರು ಸುಟ್ಟೋದ್ರೂ ನಿನ್ ತಲೆಗೇ ಕಟ್ತಾರೆ. ಹಿಂಗ್ ಮಾಡಾಣ. ಮಂತ್ರಿಗಳ ಜೊತೆಗೆ ರಂಗಸ್ವಾಮಿ ದಂಪತಿ ಬಾಗಿನ ಬಿಡ್ಲಿ. ದೀಪ ನೀನು ಹಚ್ಚು, ಭಾಷಣನೂ ನಿಂದೇ. ಬೆಂಗಳೂರಿಗೆ ಕಳ್ಸೋ ಹೆಸ್ರಲ್ಲಿ ನಿಂದೇ ಮೊದ್ಲು. ನನ್ ಮಾತು."

ಒಂದು ಮಿರ್ಚಿ ಮುರಿದು ತಿಂದೆ. ಆಮೇಲೆ ಒಪ್ಪಿಕೊಂಡೆ. ಲೆಕ್ಕ ಹಾಕಿದರೆ ಇದರಲ್ಲಿ ನಷ್ಟ ಏನಿಲ್ಲ. ಶಾಸಕಿಯಾದ ಮೇಲೆ ವರ್ಷ ವರ್ಷ ಬಾಗಿನ ಬಿಡಬಹುದು, ಆಗ ಯಾವ ಜುಂಜಯ್ಯ ಬಂದು ಕೇಳುತ್ತಾನೆ? ಕೆರೆಯಂತೂ ತುಂಬಿದೆ, ಯಾರು ಮೊರ ಬಿಟ್ಟರೇನು. ಮಿರ್ಚಿ ಚೆನ್ನಾಗಿತ್ತು.

ಅಕ್ಟೋಬರ್ 24

ಕಾವ್ಯಶ್ರೀ ಫೋನು. ಚಿತ್ರದುರ್ಗದ ಸರ್ಕಲ್ಲಿನಲ್ಲಿ ನನ್ನ ಫ್ಲೆಕ್ಸ್ ನೋಡಿದಳಂತೆ.

"ಅಮ್ಮ, ನಿನ್ನ ಹಣೆ ಮೇಲೆ ಏನೂ ಇಲ್ಲ."

"ಬಿಂದಿ ಐತೆ, ಸಣ್ಣದು. ಪ್ರಿಂಟಲ್ಲಿ ಕಂಡಿಲ್ಲ."

"ಮೊನ್ನೆ ವಿಡಿಯೋ ಕಾಲಲ್ಲೂ ಇರ್ಲಿಲ್ಲ."

ಬೆವರಿಗೆ ಹಣೆ ಕೆರೆಯುತ್ತದೆ, ಡಾಕ್ಟರು ಸ್ವಲ್ಪ ದಿನ ಬೇಡ ಅಂದಿದ್ದಾರೆ ಅಂದೆ. ಯಾವ ಡಾಕ್ಟರು ಅಂದಳು. ಓದೋದು ಬಿಟ್ಟು ಅಮ್ಮನ ಹಣೆ ನೋಡ್ಕಂಡು ಕೂತಿದೀಯಾ ಎಂದು ರೇಗಿ ಫೋನಿಟ್ಟೆ. ಈ ವಯಸ್ಸಿನವರಿಗೆ ಎಲ್ಲವೂ ದೊಡ್ಡ ವಿಷಯ.

ಅಕ್ಟೋಬರ್ 30

ಸಭೆ ಮುಗಿಸಿ ಮನೆಗೆ ಬಂದರೆ ನಡುಮನೆಯಲ್ಲಿ ಹೊಸ ಬಿದಿರಿನ ವಾಸನೆ. ಅತ್ತೆ ಗೋವರ್ಧನನನ್ನು ಪುಸಲಾಯಿಸಿ ಹೊಳಲ್ಕೆರೆಗೆ ಹೋಗಿ, ಗುರುತಿನ ಮೇದಾರರ ಮನೆಯಲ್ಲಿ ಎದುರಿಗೆ ಕೂತು ಹೆಣೆಸಿಕೊಂಡು ಬಂದಿದ್ದಾರೆ. ಒಂದು ಜೊತೆ ಮೊರ. ಅರಿಶಿನ ಬಳಿದು ಒಣಗಲು ಇಟ್ಟಿದ್ದರು.

"ಅಂಗಡೀವು ಸಡಿಲ ಇರ್ತವೆ, ನೀರಾಗೆ ಬಿಚ್ಕಂತವೆ. ಇವು ನೋಡು, ನಿಂತ್ಕಂಡ್ರೂ ಮುರಿಯಲ್ಲ." ಬಳೆ ತಂದಿದ್ದಾರೆ, ಹಸಿರು. ಕುಬುಸದ ಕಣ ತಂದಿದ್ದಾರೆ. ಪೆಟ್ಟಿಗೆಯ ತಳದಿಂದ ಒಂದು ಹಿಡಿ ಕರಿ ಉಣ್ಣೆ ತೆಗೆದು ತೋರಿಸಿದರು. ತಮ್ಮ ಕೊನೆಯ ಕುರಿಮಂದೆಯದಂತೆ. "ಗಂಗಮ್ಮಂಗೆ ಇದ್ನೂ ಕೊಡಾಣ. ಒರತೆ ನೀರು ಕುಡಿದ ಕುರಿ ಅವು."

ಅವರಿಗೆ ಯಾರೂ ಹೇಳಿಲ್ಲ. ಹೇಳಬೇಕಾದವಳು ನಾನು. ಅವರು ಮೊರವನ್ನು ಬಿಸಿಲಿನ ಕಡೆ ತಿರುಗಿಸಿ ತಿರುಗಿಸಿ ಇಡುವುದನ್ನು ನೋಡಿ ಒಳಗೆ ಹೋದೆ. ನಾಳೆ ಹೇಳುತ್ತೇನೆ.

ನವೆಂಬರ್ 1

ರಾಜ್ಯೋತ್ಸವದ ಧ್ವಜಾರೋಹಣಕ್ಕೆ ಹೋಗಿ ಬಂದೆ. ಅತ್ತೆಗೆ ಹೇಳಲಿಲ್ಲ. ತಿಮ್ಮರಾಯಪ್ಪ ಫೋನು ಮಾಡಿದ್ದರು. ದೀಪವನ್ನೂ ಪಲ್ಲವಿಯೇ ಹಚ್ಚಲಿ, ಒಂದೇ ಕೈಯಲ್ಲಿ ಆದರೆ ಶಾಸ್ತ್ರಕ್ಕೆ ಸರಿ ಎಂದು ಪೂಜಾರಿ ಹೇಳುತ್ತಿದ್ದಾನಂತೆ. ಪಲ್ಲವಿ ಅಂದರೆ ರಂಗಸ್ವಾಮಿಯ ಹೆಂಡತಿ. ಒಳ್ಳೆಯ ಹುಡುಗಿ, ಕೆರೆ ಎಲ್ಲಿದೆ ಎಂದು ಅವಳಿಗೆ ಗೊತ್ತಿರುವುದು ಅನುಮಾನ. ಆಗಲಿ ಅಂದೆ. ದೀಪಕ್ಕೆಲ್ಲ ಜಗಳವಾಡುವ ಹೊತ್ತಲ್ಲ ಇದು. ಸ್ವಾಗತ ಭಾಷಣ ನನ್ನದೇ.

ನವೆಂಬರ್ 6, ದೊಡ್ಡಹಟ್ಟಿ

ಆಯಿತು. ಮುಗಿಯಿತು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಎದ್ದಾಗ ಅತ್ತೆ ಆಗಲೇ ಮಿಂದು ನನ್ನ ಮದುವೆಯಲ್ಲಿ ಉಟ್ಟಿದ್ದ ಇಳಕಲ್ ಸೀರೆ ಉಟ್ಟುಕೊಂಡು, ಮೊರದ ಜೊತೆಯನ್ನು ಸೆರಗಿನಲ್ಲಿ ಮುಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾನು ತಿಳಿ ಬೂದು ಸೀರೆ ಉಟ್ಟಿದ್ದೆ. ಅವರು ಎದ್ದು ಬಂದು ನನ್ನೆದುರು ನಿಂತು, ಮುಖ ಮೇಲೆತ್ತಿ ಕಣ್ಣು ಮುಚ್ಚಿದರು. ನನ್ನ ಕೈ ಡಬ್ಬಿಯವರೆಗೆ ಹೋಯಿತು. ಮಂತ್ರಿಗಳು ಬರುತ್ತಾರೆ, ಕ್ಯಾಮೆರಾದವರು ಇರುತ್ತಾರೆ, ಹಟ್ಟಿಯವರು ಇವತ್ತು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆ.

"ಇವತ್ತೊಂದಿನ ಬೇಡ ಅತ್ತೆ. ಆಮೇಲೆ ಇಡ್ತೀನಿ."

ಕಣ್ಣು ಬಿಟ್ಟರು. "ಹೂಂ" ಅಂದರು.

ದಾರಿಯುದ್ದಕ್ಕೂ ಅವರು ಮೊರ ಹಿಡಿದೇ ಕೂತಿದ್ದರು. ಏರಿಯ ಕೆಳಗೆ ಪೆಂಡಾಲು, ಡೊಳ್ಳು, ಪೊಲೀಸರು. ಗೋವರ್ಧನ ಹೊಂಗೆ ಮರದ ಕೆಳಗೆ ಗಾಡಿ ನಿಲ್ಲಿಸಿದ. ಮೆಟ್ಟಿಲ ಹತ್ತಿರ ಪಲ್ಲವಿ ರೇಷ್ಮೆ ಸೀರೆಯಲ್ಲಿ ನಿಂತಿದ್ದಳು, ಪಕ್ಕದಲ್ಲಿ ರಂಗಸ್ವಾಮಿ, ಅವರ ಮುಂದೆ ಬೆಳ್ಳಿಯ ಮೊರ. ಬೆಳ್ಳಿಯದು! ಮುಳುಗಿಹೋಗಲಿ ಎಂದು ಒಂದು ಸಲ ಅನ್ನಿಸಿತು, ದೇವರಾಣೆ. ಜುಂಜಯ್ಯ ನಮ್ಮ ಗಾಡಿಯನ್ನೇ ನೋಡುತ್ತಿದ್ದ. ತಿಮ್ಮರಾಯಪ್ಪ ನನ್ನನ್ನು ಬಾ ಎಂದು ಕೈಸನ್ನೆ ಮಾಡಿದರು.

ಅತ್ತೆ ಗಾಡಿಯ ಬಾಗಿಲು ತೆಗೆದು ಒಂದು ಕಾಲು ಕೆಳಗಿಟ್ಟಿದ್ದರು.

"ಅತ್ತೆ, ಬಿಸಿಲು ಜಾಸ್ತಿ ಐತೆ. ನೀವು ಇಲ್ಲೇ ಕುಂತಿರ್ರಿ."

"ಬಾಗಿನ?"

"ಮಂತ್ರಿಗಳು ಬಿಡ್ತಾರೆ. ನಾವು ಇನ್ನೊಂದಿನ ಬಂದು ಬಿಡಾಣ, ಜನ ಇಲ್ದಾಗ."

ಅವರು ನನ್ನ ಮುಖ ನೋಡಿದರು, ಪೆಂಡಾಲಿನ ಕಡೆ ನೋಡಿದರು. ಅವರಿಗೆ ಅರ್ಥವಾಯಿತು. ಬಯ್ಯಲಿಲ್ಲ. ಕೆಳಗಿಟ್ಟ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಒಳಗೆ ಇಟ್ಟುಕೊಂಡರು. "ಹೋಗವ್ವ, ಕರೀತಾವ್ರೆ" ಅಂದರು. ನಾನೇ ಬಾಗಿಲು ಹಾಕಿದೆ. ಸದ್ದಾಗದ ಹಾಗೆ ಹಾಕಿದೆ.

ಭಾಷಣ ಚೆನ್ನಾಗಿ ಆಯಿತು. ಚಪ್ಪಾಳೆ ಬಿತ್ತು. ಬಾಗಿನ ಬಿಡುವಾಗ ಎಲ್ಲರೂ ನೀರಿನ ಹತ್ತಿರ ಹೋದರು, ನಾನು ನಾಲ್ಕು ಹೆಜ್ಜೆ ಹಿಂದೆಯೇ ನಿಂತೆ. ಯಾರೂ ಹೇಳಬೇಕಾಗಲಿಲ್ಲ. ಜುಂಜಯ್ಯ ದೂರದಿಂದ ಕೈ ಮುಗಿದ. ಮಂತ್ರಿಗಳು ಹೊರಡುವಾಗ "ನಿಮ್ಮಂಥ ತಿಳಿವಳಿಕೆಯ ಹೆಣ್ಣುಮಕ್ಕಳು ಪಕ್ಷಕ್ಕೆ ಬೇಕಮ್ಮ" ಅಂದರು. ಹಾಗಾದರೆ ದಿನ ವ್ಯರ್ಥವಾಗಲಿಲ್ಲ.

ವಾಪಸು ಬರುವಾಗ ಅತ್ತೆ ನಿದ್ದೆ ಹೋದರು. ಅಥವಾ ಕಣ್ಣು ಮುಚ್ಚಿದ್ದರು.

ನವೆಂಬರ್ 7

ಪೇಪರಿನಲ್ಲಿ ಅರ್ಧ ಪುಟದ ಫೋಟೋ. ಮಂತ್ರಿಗಳು, ರಂಗಸ್ವಾಮಿ, ಪಲ್ಲವಿ, ಬೆಳ್ಳಿಯ ಮೊರ. ನಾನು ಇಲ್ಲ. ಎಡಗಡೆಯ ಅಂಚಿನಲ್ಲಿ ಒಂದು ಬೂದು ಸೆರಗು ಇದೆ, ಅದು ನನ್ನದಿರಬೇಕು.

ನವೆಂಬರ್ 23

ಅತ್ತೆ ಕರಿ ಉಣ್ಣೆಯನ್ನು ಮತ್ತೆ ಪೆಟ್ಟಿಗೆಗೆ ಹಾಕಿದರು. ಇನ್ನೊಂದು ದಿನ ಹೋಗಬೇಕು, ಇಬ್ಬರೇ. ಈ ವಾರ ಸಭೆಗಳಿವೆ.

ಜನವರಿ 16

ಡೈರಿ ಮುಗಿಯಿತು ಅಂದುಕೊಂಡಿದ್ದೆ. ಹಿಂದಿನ ವರ್ಷದ ಜನವರಿಯ ಹಾಳೆಗಳು ಖಾಲಿಯೇ ಇದ್ದವಲ್ಲ, ಅವುಗಳ ಮೇಲೆ ಬರೆಯುತ್ತಿದ್ದೇನೆ. ಬರೆಯಲು ಏನಿಲ್ಲ. ಹೋಬಳಿ ಹೋಬಳಿ ಸುತ್ತುತ್ತಿದ್ದೇನೆ. ಸಂಕ್ರಾಂತಿಗೆ ಕಾವ್ಯಶ್ರೀ ಬಂದಿದ್ದಳು, ಹೆಚ್ಚು ಮಾತಾಡಲಿಲ್ಲ. ಎಳ್ಳು ಬೀರಲು ನಾನು ಹೋಗಲಿಲ್ಲ, ಅವಳೊಬ್ಬಳನ್ನೇ ಕಳಿಸಿದೆ. ಮನೆಗೆ ಬಂದ ಹೆಂಗಸರಿಗೂ ಅವಳ ಕೈಯಲ್ಲೇ ಕುಂಕುಮ ಕೊಡಿಸಿದೆ. ಹುಡುಗರು ಕಲಿಯಬೇಕು ಇವನ್ನೆಲ್ಲ.

ಮಾರ್ಚ್ 19, ಚಿತ್ರದುರ್ಗ

ಟಿಕೆಟ್ ಪಲ್ಲವಿಗೆ.

ರಂಗಸ್ವಾಮಿಗೂ ಅಲ್ಲ. ಪಲ್ಲವಿಗೆ. ಕಚೇರಿಯ ಟಿವಿಯಲ್ಲಿ ಹೆಸರು ಓಡಿದಾಗ ಬೇರೆ ಯಾವುದೋ ಕ್ಷೇತ್ರ ಅಂದುಕೊಂಡೆ. ತಿಮ್ಮರಾಯಪ್ಪ ಒಳಗೆ ಕರೆದರು. ಈ ಸಲ ಕಾಫಿಯೂ ಇಲ್ಲ.

"ಮೇಲಿನೋರು ಈ ಸಲ ಮಹಿಳೆಗೇ ಅಂತ ತೀರ್ಮಾನ ಮಾಡಿದ್ರು. ನಿನ್ ಹೆಸ್ರೇ ಮೊದ್ಲು ಕಳ್ಸಿದ್ದೆ ಕಣಮ್ಮ, ನನ್ ಮಗಳಾಣೆ. ಆದ್ರೆ ಆ ಬಾಗಿನದ ಫೋಟೋ ಎಲ್ಲಾ ಕಡೆ ಓಡಾಡಿತ್ತು ನೋಡು. ಕೆರೆ ತುಂಬ್ಸಿದ ಮನೆಮಗಳು ಅಂತ ಜನ..."

"ಯಾವ ಜನ ಸಾರ್?" ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಅವರಿಗೆ ಕೇಳಿಸಿರಲಿಕ್ಕಿಲ್ಲ.

ಗೋವರ್ಧನ ಗಾಡಿಯ ಬಾಗಿಲು ತೆಗೆದ. "ಎಲ್ಲಿಗ್ ಹೋಗಾಣ ಅಕ್ಕ?" ಅಂದ. ಎಲ್ಲಿಗೆಂದು ತೋಚಲಿಲ್ಲ. ಹೊಳಲ್ಕೆರೆ ದಾರಿಯಲ್ಲಿ ಬಿ.ದುರ್ಗದ ಕಡೆ ತಿರುಗಿಸಿ, ಸುಮ್ಮನೆ ಸುತ್ತಿಕೊಂಡು ಬಂದೆವು. ಇಪ್ಪತ್ತು ವರ್ಷ ದುಡಿದೆ. ಎಲ್ಲ ಹೋಯಿತು. ಅಳು ಬರಲಿಲ್ಲ, ಅಳು ಬಂದಿದ್ದರೆ ಚೆನ್ನಾಗಿರುತ್ತಿತ್ತು.

ಮಾರ್ಚ್ 22

ಪಲ್ಲವಿ ಮನೆಗೆ ಬಂದು ಕಾಲಿಗೆ ಬಿದ್ದಳು. "ಅಕ್ಕಾ, ನಂಗೇನೂ ಗೊತ್ತಾಗಲ್ಲ, ನೀವೇ ನಿಂತು ಗೆಲ್ಸಬೇಕು" ಅಂದಳು. ಅವಳಿಗೂ ನಿಜಕ್ಕೂ ಹೆದರಿಕೆ. ಹೋಗುವಾಗ ಅವಳಿಗೆ ಕುಂಕುಮ ಕೊಡಬೇಕಲ್ಲ. ಪಕ್ಕದ ಮನೆಯವಳನ್ನು ಕರೆಸಿ ಕೊಡಿಸಿದೆ.

ಮಾರ್ಚ್ 31

ಇವತ್ತಿನಿಂದ ಪ್ರಚಾರ. ಪಕ್ಷ ಬಿಟ್ಟು ಹೋಗಿ ಎಂದು ಹೇಳಿದವರು ಇದ್ದಾರೆ. ಎಲ್ಲಿಗೆ ಹೋಗುವುದು? ಹೆಂಗಸರ ಸಭೆಗಳನ್ನು ನನಗೆ ವಹಿಸಿದ್ದಾರೆ. ಆರತಿ ಎತ್ತುವ ಹೊತ್ತಿಗೆ ನಾನು ಗಾಡಿಯಲ್ಲೇ ಇದ್ದು, ಭಾಷಣದ ಹೊತ್ತಿಗೆ ಇಳಿದರೆ ಯಾರಿಗೂ ಮುಜುಗರ ಇಲ್ಲ. ಹಾಗೆಂದು ನಾನೇ ತಿಮ್ಮರಾಯಪ್ಪನವರಿಗೆ ಹೇಳಿದೆ. ಅವರಿಗೆ ಸಮಾಧಾನವಾಯಿತು.

ಹೊರಡುವಾಗ ಅತ್ತೆ ಹಿತ್ತಲ ಕಟ್ಟೆಯ ಮೇಲೆ ರಾಗಿ ಕೇರುತ್ತಿದ್ದರು. ಹೊಳಲ್ಕೆರೆಯ ಆ ಹೊಸ ಮೊರದಲ್ಲಿ. ಅರಿಶಿನದ ಬಣ್ಣ ಹೋಗಿ ಹಿಟ್ಟು ಮೆತ್ತಿದೆ. ಒಳ್ಳೆಯದಾಯಿತು, ಸುಮ್ಮನೆ ಬಿದ್ದಿತ್ತು. ನನ್ನನ್ನು ಕಂಡು ಮೊರ ಕೆಳಗಿಟ್ಟು ಎದ್ದರು, ಬಂದು ನನ್ನೆದುರು ನಿಂತರು. ಮುಖ ಸ್ವಲ್ಪ ಮೇಲೆತ್ತಿ ನಿಂತಿದ್ದರು ಅಷ್ಟೇ.

"ಏನತ್ತೆ?"

"ಏನಿಲ್ಲ ಕಣವ್ವ. ಹೋಗ್ಬಾ."

ಬಾಗೂರು ದಾಟಿದ ಮೇಲೆ ಹೊಳೆಯಿತು, ಅವರ ಹಣೆ ಖಾಲಿ ಇತ್ತು. ಎಷ್ಟು ದಿನದಿಂದಲೋ ಏನೋ. ವಯಸ್ಸಾಯಿತು, ಇಟ್ಟುಕೊಳ್ಳುವುದನ್ನೇ ಮರೆಯುತ್ತಿದ್ದಾರೆ.